ಅಂಗಳದ ಆಕಾಶಕ್ಕೆ ಯಾವ ಟ್ರ್ಯಾಕರ್?

ಚೆನ್ನೈನಿಂದ ಓದುಗರೊಬ್ಬರು ಉದ್ದನೆಯ ಮೇಲ್ ಬರೆದಿದ್ದಾರೆ. ಊರು ಸಾಗರದ ಕಡೆ. ತಂದೆ ತೀರಿಕೊಂಡು ಎರಡು ವರ್ಷವಾಯಿತು. ತೋಟ, ಮನೆ ಮಾರುವ ಮಾತು ಅಣ್ಣತಮ್ಮಂದಿರ ನಡುವೆ ನಡೆದಿದೆ. ಬಹುಶಃ ಈ ದೀಪಾವಳಿ, ಬರುವ ಯುಗಾದಿ, ಅಷ್ಟೇ. ಅಂಗಳದಲ್ಲಿ ಕಂಬಳಿ ಹಾಸಿ ಮಲಗಿಸಿಕೊಂಡು ಅಪ್ಪಯ್ಯ ನಕ್ಷತ್ರ ತೋರಿಸುತ್ತಿದ್ದ ಆ ಆಕಾಶವನ್ನು, ಮನೆಯ ಹೆಂಚಿನ ಮಾಡಿನ ಸಮೇತ, ಒಮ್ಮೆ ಸರಿಯಾಗಿ ಫೋಟೊ ತೆಗೆದಿಡಬೇಕು ಎಂಬುದು ಅವರ ಆಸೆ. ಕ್ಯಾಮೆರಾ ಇದೆ, 24 ಎಂಎಂ ಮತ್ತು 135 ಎಂಎಂ ಲೆನ್ಸ್‌ಗಳಿವೆ. "ಯಾವ ಟ್ರ್ಯಾಕಿಂಗ್ ಮೌಂಟ್ ಕೊಳ್ಳಲಿ? ರೈಲಿನಲ್ಲಿ ಒಬ್ಬಳೇ ಹೊತ್ತು ಒಯ್ಯುವಂತಿರಬೇಕು" ಎಂದು ಕೇಳಿದ್ದಾರೆ. ಇದೇ ಪ್ರಶ್ನೆಯನ್ನು ಇನ್ನಿಬ್ಬರೂ ಕೇಳಿದ್ದಾರಾದರೂ ಈ ಸಲದ ಅಂಕಣ ಇವರಿಗೇ. ಇವರ ಕೈಯಲ್ಲಿರುವುದು ಎರಡೇ ಅಮಾವಾಸ್ಯೆ.

ಹೌದು, ಅಮಾವಾಸ್ಯೆ. ನಮ್ಮಂಥ ಹೊರನಾಡಿನವರಿಗೆ ಪಂಚಾಂಗ ಒಂದು ಉಪಕಾರ ಮಾಡಿಟ್ಟಿದೆ. ನಾವು ಊರಿಗೆ ಓಡುವ ಎರಡು ದೊಡ್ಡ ಹಬ್ಬಗಳೂ ಚಂದ್ರನಿಲ್ಲದ ದಿನಗಳಲ್ಲೇ ಬರುತ್ತವೆ. ದೀಪಾವಳಿ ಅಮಾವಾಸ್ಯೆಗೆ, ಯುಗಾದಿ ಅಮಾವಾಸ್ಯೆಯ ಮರುದಿನಕ್ಕೆ. ಮಳೆಗಾಲ ಎರಡಕ್ಕೂ ಅಡ್ಡ ಬರುವುದಿಲ್ಲ, ಅಥವಾ ಬರಬಾರದು. ಈಚೆಗೆ ಮಳೆಗೆ ಪಂಚಾಂಗದ ಮೇಲೆ ಅಷ್ಟು ಗೌರವ ಉಳಿದಿಲ್ಲ. ಗಣೇಶ ಚೌತಿಯನ್ನು ಬಿಟ್ಟುಬಿಡಿ, ಅದು ಮೋಡದ ಹಬ್ಬ.

ದೀಪಾವಳಿಯ ಹೊತ್ತಿಗೆ ಕತ್ತಲು ಪೂರ್ತಿ ಕವಿದ ಮೇಲೆ ಸುಮಾರು ಒಂದು ಗಂಟೆ ಕಾಲ ಆಕಾಶಗಂಗೆಯ ನಡುಭಾಗ ನೈರುತ್ಯದಲ್ಲಿ ಕಾಣುತ್ತದೆ, ಆಮೇಲೆ ಇಳಿದುಹೋಗುತ್ತದೆ. ರಾತ್ರಿ ಹತ್ತು ಹನ್ನೊಂದರ ಸುಮಾರಿಗೆ ಆಂಡ್ರೊಮೀಡಾ ಗೆಲಾಕ್ಸಿ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ನಡುರಾತ್ರಿಗೆ ಪೂರ್ವದಲ್ಲಿ ಮಹಾವ್ಯಾಧ. ಯುಗಾದಿಗೆ ಲೆಕ್ಕ ಉಲ್ಟಾ. ಆಕಾಶಗಂಗೆಯ ನಡುಭಾಗ ಬೇಕೆಂದರೆ ಬೆಳಗಿನ ಜಾವ ಮೂರಕ್ಕೆ ಏಳಬೇಕು, ಆಗ ಅದು ಆಗ್ನೇಯದಲ್ಲಿರುತ್ತದೆ. ಮನೆ ಅಂಗಳದ ಯಾವ ದಿಕ್ಕಿಗಿದೆ ಎನ್ನುವುದರ ಮೇಲೆ ನಿಮ್ಮ ಹಬ್ಬ ಯಾವುದು ಎಂಬುದು ತೀರ್ಮಾನವಾಗುತ್ತದೆ. ಮೌಂಟ್ ಕೊಳ್ಳುವ ಮೊದಲು ಊರಿಗೆ ಫೋನ್ ಮಾಡಿ ಇದನ್ನು ಕೇಳಿಕೊಳ್ಳಿ.

ಈಗ ಟ್ರ್ಯಾಕರ್. ಭೂಮಿ ತಿರುಗುತ್ತಿರುವುದರಿಂದ ಎರಡು ನಿಮಿಷದಲ್ಲಿ ಆಕಾಶ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯುತ್ತದೆ. ಟ್ರೈಪಾಡಿನ ಮೇಲೆ ಸುಮ್ಮನೆ ಇಟ್ಟ ಕ್ಯಾಮೆರಾದಲ್ಲಿ ಶಟರ್ ತೆರೆದೇ ಇದ್ದರೆ ಚುಕ್ಕಿಗಳು ಗೆರೆಗಳಾಗುತ್ತವೆ. ಫೋಟೊದವರ ಹಳೆಯ ಲೆಕ್ಕ ಹೀಗಿದೆ: 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿದರೆ ಎಷ್ಟು ಸೆಕೆಂಡ್ ತೆರೆಯಬಹುದು ಎಂದು ಸಿಗುತ್ತದೆ. 24ಕ್ಕೆ 20 ಸೆಕೆಂಡ್. 135ಕ್ಕೆ ನಾಲ್ಕು ಸೆಕೆಂಡ್ ಕೂಡ ಇಲ್ಲ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದಾದರೆ ಇದನ್ನೂ ಒಂದೂವರೆಯಿಂದ ಭಾಗಿಸಿ. ಟ್ರ್ಯಾಕರ್ ಎಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತು, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತಿನಂತೆ, ಭೂಮಿ ತಿರುಗುವುದಕ್ಕೆ ಎದುರಾಗಿ ಕ್ಯಾಮೆರಾ ತಿರುಗಿಸುವ ಯಂತ್ರ. ಅಷ್ಟೇ. ಉಳಿದದ್ದೆಲ್ಲ ಅಲಂಕಾರ.

ಇದನ್ನು ಬಡಗಿಯೂ ಮಾಡಿಕೊಡಬಲ್ಲ ಎಂದರೆ ನಂಬುತ್ತೀರಾ? ಎರಡು ಹಲಗೆ, ಒಂದು ಬಾಗಿಲ ತಿರುಗಣೆ, ತಿರುಗಣೆಯಿಂದ ಸುಮಾರು 228 ಮಿಲಿಮೀಟರ್ ದೂರದಲ್ಲಿ ಒಂದು ಎಂ6 ಬೋಲ್ಟ್. ಆ ಬೋಲ್ಟನ್ನು ಗಡಿಯಾರ ನೋಡುತ್ತ ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಹಲಗೆ ನಕ್ಷತ್ರದ ವೇಗದಲ್ಲೇ ತೆರೆದುಕೊಳ್ಳುತ್ತದೆ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಇದನ್ನು ಹವ್ಯಾಸಿಗಳಿಗೆ ಪರಿಚಯಿಸಿದರು. ಅಗಲ ಲೆನ್ಸಿಗೆ ಐದು ನಿಮಿಷದವರೆಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ಭಾನುವಾರ ಮಾಡಿಸಿ. ಆದರೆ ಎರಡೇ ರಾತ್ರಿ ಇರುವವರಿಗೆ ನಾನು ಇದನ್ನು ಹೇಳಲಾರೆ. ಕತ್ತಲಲ್ಲಿ ನಿಮಿಷ ಎಣಿಸುತ್ತ ಬೋಲ್ಟ್ ತಿರುಗಿಸುವಾಗ ಕೈ ತಾಗಿ ಅಲುಗಿದ ಫೋಟೊಗಳ ಸಂಖ್ಯೆ ದೊಡ್ಡದು.

ಅಂಗಡಿಯಲ್ಲಿ ಸಿಗುವವುಗಳಲ್ಲಿ ಮೂರು ಜಾತಿ. ಅಂಗೈಯಗಲದವು ಮೊದಲನೆಯವು: ಮೂವ್ ಶೂಟ್ ಮೂವ್‌ನ ನೋಮ್ಯಾಡ್, ಅಥವಾ ಬ್ಯಾಟರಿಯೇ ಇಲ್ಲದೆ ಗಡಿಯಾರದಂತೆ ಕೀಲಿ ಕೊಟ್ಟರೆ ಒಂದು ಗಂಟೆ ಓಡುವ ಓಮೆಗಾನ್ ಮಿನಿಟ್ರ್ಯಾಕ್. ಅರ್ಧ ಕಿಲೊ ಆಸುಪಾಸು, ಹ್ಯಾಂಡ್‌ಬ್ಯಾಗಿನಲ್ಲಿ ಹೋಗುತ್ತವೆ. ಎರಡನೆಯವು ಸ್ಕೈವಾಚರ್‌ನ ಸ್ಟಾರ್ ಅಡ್ವೆಂಚರರ್ 2ಐ, ಐಆಪ್ಟ್ರಾನ್‌ನ ಸ್ಕೈಗೈಡರ್ ಪ್ರೊ ಮುಂತಾದವು. ಕಂಪನಿ ಹೇಳುವ ಪ್ರಕಾರ ಐದು ಕಿಲೊ ಹೊರುತ್ತವೆ. ಧ್ರುವ ನಕ್ಷತ್ರ ನೋಡುವ ಪುಟ್ಟ ದುರ್ಬೀನು ಒಳಗೇ ಇದೆ, ತೂಕ ಸರಿದೂಗಿಸಲು ಕಬ್ಬಿಣದ ಗುಂಡೊಂದನ್ನು ಸರಳಿಗೆ ಸಿಕ್ಕಿಸಬಹುದು. ಮೂರನೆಯವು ಮೊಬೈಲಿನಲ್ಲಿ ಗೆಲಾಕ್ಸಿಯ ಹೆಸರು ಒತ್ತಿದರೆ ತಾವೇ ತಿರುಗಿ ಹುಡುಕುವವು: ಸ್ಟಾರ್ ಅಡ್ವೆಂಚರರ್ ಜಿಟಿಐ, ಇನ್ನೂ ಮೇಲೆ ಹೋದರೆ ಜಡ್‌ಡಬ್ಲ್ಯುಒ ಕಂಪನಿಯ ಎಎಂ3, ಎಎಂ5.

ಮೂರನೆಯ ಜಾತಿಯ ಮೇಲೆ ಎಲ್ಲರಿಗೂ ಕಣ್ಣು. ಐದು ಕಿಲೊ ತೂಗುವ ಎಎಂ5 ಹದಿಮೂರು ಕಿಲೊವನ್ನು ಎದುರು ತೂಕವಿಲ್ಲದೆ ಹೊರುತ್ತದೆ ಎಂದು ಓದಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದರ ಗೇರುಗಳ ಜಾತಿಯೇ ಬೇರೆ. ಇನ್ನೊಂದು ಕ್ಯಾಮೆರಾ ಒಂದು ನಕ್ಷತ್ರವನ್ನೇ ನೋಡುತ್ತ ಕ್ಷಣಕ್ಷಣಕ್ಕೆ ತಿದ್ದದಿದ್ದರೆ ಉದ್ದ ಲೆನ್ಸಿನಲ್ಲಿ ಅದು ತೂಗಾಡುತ್ತದೆ. ಅಂದರೆ ಗೈಡ್ ಕ್ಯಾಮೆರಾ, ಅದನ್ನು ನಡೆಸಲು ಕಂಪ್ಯೂಟರು, ಎರಡಕ್ಕೂ ಕರೆಂಟು, ವೈರುಗಳ ಗೋಜಲು. ಟೆಲಿಸ್ಕೋಪ್ ಇಟ್ಟುಕೊಂಡು ತಿಂಗಳಿಗೆರಡು ಬಾರಿ ಕಾರಿನಲ್ಲಿ ಭಂಡಾರದರಾಕ್ಕೋ ಜವ್ವಾದಿ ಬೆಟ್ಟಕ್ಕೋ ಹೋಗುವವರಿಗೆ ಅದು ಸರಿ. ಚೆನ್ನೈನಿಂದ ಬೆಂಗಳೂರು, ಅಲ್ಲಿಂದ ತಾಳಗುಪ್ಪ ರೈಲು, ಆಮೇಲೆ ಆಟೊ ಎಂದು ಹೋಗುವವರಿಗಲ್ಲ.

ಉಳಿದ ಎರಡರಲ್ಲಿ ಯಾವುದು? 24 ಎಂಎಂನಲ್ಲಿ ಮನೆ ಮತ್ತು ಆಕಾಶ ಮಾತ್ರ ಸಾಕಾದರೆ ಅಂಗೈಯಗಲದ್ದೇ ಸಾಕು. ಆದರೆ ನೀವು 135ನ್ನೂ ಒಯ್ಯುತ್ತೀರಿ, ಆಂಡ್ರೊಮೀಡಾ ಬೇಕು ಎಂದಿದ್ದೀರಿ. ಹಾಗಿದ್ದರೆ ಎರಡನೆಯ ಜಾತಿ. ಕಂಪನಿಯ ಐದು ಕಿಲೊವನ್ನು ಎರಡೂವರೆ ಎಂದೇ ಓದಿಕೊಳ್ಳಿ, ಫೋಟೊಗೆ ಅರ್ಧವೇ ಲೆಕ್ಕ. ನಿಮ್ಮ ಕ್ಯಾಮೆರಾ, 135 ಲೆನ್ಸ್, ಬಾಲ್‌ಹೆಡ್ ಎಲ್ಲ ಅದರೊಳಗೆ ಬರುತ್ತವೆ. ನಾನು ಬಳಸುವುದು 2ಐ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಒಂದು ರಾತ್ರಿ ಓಡುತ್ತದೆ, ಶಿರಸಿಯ ಪೇಟೆಯಲ್ಲೂ ಆ ಸೆಲ್ ಸಿಗುತ್ತದೆ. ಇದೇ ನನ್ನ ಮುಖ್ಯ ಕಾರಣ. ಸ್ಕೈಗೈಡರ್‌ಗೆ ಒಳಗೇ ಬ್ಯಾಟರಿ, ಚಾರ್ಜ್ ಮಾಡಿಕೊಂಡು ಹೋಗಬೇಕು. ಹಬ್ಬದ ದಿನ ಕರೆಂಟು ಹೋಗುವ ಊರಿಗೆ ಹೋಗುವವರು ಯೋಚಿಸಿ.

ಟ್ರ್ಯಾಕರ್‌ಗೆ ಇಟ್ಟ ಹಣದಲ್ಲಿ ಕೊಂಚ ಉಳಿಸಿ ಟ್ರೈಪಾಡಿಗೆ ಹಾಕಿ. ನಡುಕಂಬ ಎತ್ತಿದರೆ ಅಲ್ಲಾಡುವ ಹಗುರ ಟ್ರೈಪಾಡಿನ ಮೇಲೆ ಯಾವ ಯಂತ್ರವಿಟ್ಟರೂ ವ್ಯರ್ಥ. ಕಾಲುಗಳ ಕೊನೆಯ ತೆಳು ಭಾಗವನ್ನು ಎಳೆಯದೆ, ಗಿಡ್ಡವಾಗಿಯೇ ನಿಲ್ಲಿಸಿ.

ಇನ್ನು ನಮ್ಮ ಕಡೆಯ ನಿಜವಾದ ತೊಡಕು. ಧ್ರುವ ನಕ್ಷತ್ರ ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ ಆ ಊರಿನ ಅಕ್ಷಾಂಶ. ದೆಹಲಿಯಲ್ಲಿ 28 ಡಿಗ್ರಿ, ಪುಣೆಯಲ್ಲಿ 18, ಸಾಗರದಲ್ಲಿ ಬರೀ 14. ಹದಿನಾಲ್ಕು ಡಿಗ್ರಿಯಲ್ಲಿ ಅಡಿಕೆ ಮರ ಇರುತ್ತದೆ, ಧ್ರುವ ಕಾಣುವುದಿಲ್ಲ. ಯೂರೋಪಿನವರು ಮಾಡುವ ವಿಡಿಯೊಗಳಲ್ಲಿ ಈ ಕಷ್ಟದ ಸುದ್ದಿಯೇ ಇಲ್ಲ, ಅವರಿಗೆ ಧ್ರುವ ತಲೆಯ ಮೇಲೆಯೇ ಇದೆ. ಟ್ರ್ಯಾಕರ್ ಕೊಳ್ಳುವಾಗ ಅದರ ಕೆಳಗಿನ ವೆಡ್ಜ್, ಅಂದರೆ ಓರೆ ಹೊಂದಿಸುವ ಪೀಠ, ಹದಿನಾಲ್ಕಕ್ಕೂ ಇಳಿಯುತ್ತದೆಯೇ, ಅಷ್ಟು ಇಳಿಸಿದಾಗ ಎದುರು ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಸಣ್ಣ ಸ್ಕ್ರೂ ತಿರುಗಿಸಿ ಕೂದಲೆಳೆಯಷ್ಟು ಸರಿಸುವ ಸೌಲಭ್ಯ ಇರಲೇಬೇಕು.

ಧ್ರುವ ಕಾಣದಿದ್ದರೆ? ಅಗಲ ಲೆನ್ಸಿಗೆ ಚಿಂತೆಯಿಲ್ಲ. ಫೋನಿನ ದಿಕ್ಸೂಚಿ, ಓರೆ ಅಳೆಯುವ ಆ್ಯಪ್ ಎರಡರಲ್ಲೇ ಹೊಂದಿಸಿ. ಫೋನನ್ನು ಟ್ರ್ಯಾಕರಿನ ಕಬ್ಬಿಣದಿಂದ ದೂರ ಹಿಡಿಯಿರಿ. ನಮ್ಮ ಕಡೆ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ, ಆ್ಯಪ್ ಅದನ್ನೂ ತಿದ್ದುತ್ತದೆ. ಒಂದು ಡಿಗ್ರಿ ತಪ್ಪಿದರೂ ನಿಮಿಷಕ್ಕೆ ಹದಿನಾರು ಆರ್ಕ್‌ಸೆಕೆಂಡ್ ಜಾರುತ್ತದೆ. 24 ಎಂಎಂನಲ್ಲಿ ಸಾಮಾನ್ಯ ಕ್ಯಾಮೆರಾದ ಒಂದು ಪಿಕ್ಸೆಲ್ ಮೂವತ್ತನಾಲ್ಕರಷ್ಟು ಅಗಲ. ಎರಡು ನಿಮಿಷ ತೆರೆದಿಟ್ಟರೂ ಒಂದೇ ಪಿಕ್ಸೆಲ್ ಸರಿದಂತಾಯಿತು, ಯಾರ ಕಣ್ಣಿಗೂ ಬೀಳದು. 135ರಲ್ಲಿ ಪಿಕ್ಸೆಲ್ ಆರರಷ್ಟೇ ಅಗಲ, ಅಲ್ಲಿ ಇದೇ ತಪ್ಪು ಅರ್ಧ ನಿಮಿಷದಲ್ಲಿ ಕಾಣುತ್ತದೆ. ಹಾಗಾಗಿ ಮನೆಯ ಚಿತ್ರವನ್ನು ಅಂಗಳದಿಂದ ತೆಗೆಯಿರಿ, ಆಂಡ್ರೊಮೀಡಾಕ್ಕೆ ಉತ್ತರ ದಿಕ್ಕು ತೆರೆದಿರುವ ಗದ್ದೆಗೆ ಇಳಿಯಿರಿ. ಅಲ್ಲಿ ಧ್ರುವ ಸಿಕ್ಕಾಗಲೂ ಅದನ್ನು ನಡುವೆ ಇಡಬೇಡಿ. ಅದು ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ದೂರ ಇದೆ. ಆ ಹೊತ್ತಿಗೆ ವೃತ್ತದ ಯಾವ ಜಾಗದಲ್ಲಿಡಬೇಕು ಎಂದು ಆ್ಯಪ್ ಹೇಳುತ್ತದೆ. ಹಸಿರು ಲೇಸರ್ ಹಿಡಿದು ಧ್ರುವ ಹುಡುಕುವ ಉಪಕರಣವನ್ನು ಕೆಲವರು ಹೊಗಳುತ್ತಾರೆ. ಆಕಾಶಕ್ಕೆ ಲೇಸರ್ ಬಿಡುವುದು ವಿಮಾನ ಓಡಿಸುವವರ ಕಣ್ಣಿಗೆ ಅಪಾಯ. ನಾನು ಬೇಡ ಎನ್ನುತ್ತೇನೆ.

ಮನೆಯ ಚಿತ್ರಕ್ಕೆ ಇನ್ನೊಂದು ಸಂಗತಿ. ಟ್ರ್ಯಾಕರ್ ಆಕಾಶದ ಜೊತೆ ತಿರುಗುವಾಗ ಮನೆ ಮಸುಕಾಗುತ್ತದೆ, ಎರಡು ನಿಮಿಷಕ್ಕೆ ಮಾಡಿನ ಅಂಚು ಐವತ್ತು ಪಿಕ್ಸೆಲ್ ಹರಡುತ್ತದೆ. ಆದ್ದರಿಂದ ಆಕಾಶಕ್ಕೆಂದು ಟ್ರ್ಯಾಕರ್ ಓಡಿಸಿ ಹತ್ತಾರು ಚಿತ್ರ, ಆಮೇಲೆ ಅದನ್ನು ನಿಲ್ಲಿಸಿ ಅದೇ ಜಾಗದಿಂದ ಮನೆಗೆಂದು ನಾಲ್ಕಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುವುದು. ಇದು ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಒಂದೇ ಜಾಗ, ಒಂದೇ ರಾತ್ರಿ, ಒಂದೇ ಲೆನ್ಸ್. ನನಗೆ ಅದು ಸುಳ್ಳೆನಿಸುವುದಿಲ್ಲ. ಬೇರೆ ಊರಿನ ಆಕಾಶ ತಂದು ಅಂಟಿಸಿದರೆ ಮಾತು ಬೇರೆ. ಕೂಡಿಸುವುದು ಬೇಡವೆಂದರೆ 2ಐನಲ್ಲಿ ಅರ್ಧ ವೇಗದ ಆಯ್ಕೆಯಿದೆ. ಮನೆ, ಆಕಾಶ ಎರಡೂ ಅರ್ಧರ್ಧ ಮಾತ್ರ ಸರಿಯುತ್ತವೆ, 40 ಸೆಕೆಂಡಿನ ಒಂದೇ ಚಿತ್ರಕ್ಕೆ ಸಾಲುತ್ತದೆ.

ಈ ತಿಂಗಳೇ ಕೊಂಡು ಚೆನ್ನೈನ ತಾರಸಿಯಲ್ಲಿ ನಾಲ್ಕು ರಾತ್ರಿ ಜೋಡಿಸಿ ಬಿಚ್ಚಿ ಅಭ್ಯಾಸ ಮಾಡಿ. ನಗರದ ಬೆಳಕಿನಲ್ಲಿ ಆಕಾಶಗಂಗೆ ಸಿಗದು, ಕೃತ್ತಿಕೆ ಖಂಡಿತ ಸಿಗುತ್ತದೆ, ಕೈಗಳಿಗೆ ಸ್ಕ್ರೂಗಳ ಜಾಗ ಗೊತ್ತಾಗುತ್ತದೆ. ರೈಲಿಗೆ ಹೊರಡುವಾಗ ಎದುರು ತೂಕದ ಗುಂಡನ್ನು ಬಟ್ಟೆಯ ನಡುವೆ ಸುತ್ತಿ, ಟ್ರ್ಯಾಕರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಇಬ್ಬನಿ ಒರೆಸಲು ಹಳೆಯ ಹತ್ತಿ ಪಂಚೆ, ಟಾರ್ಚಿಗೆ ಸುತ್ತಲು ಕೆಂಪು ಕಾಗದ ಮರೆಯಬೇಡಿ. ಊರಿನಲ್ಲಿ ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ರಾತ್ರಿ ಊಟವಾದ ಮೇಲೆ ಹೊರಗಿನ ಎಲ್‌ಇಡಿ ಆರಿಸಲಿ. ಅಂಗಳದಲ್ಲಿ ಹಚ್ಚಿದ ಹಣತೆಗಳನ್ನು ಮಾತ್ರ ಆರಿಸಬೇಡಿ, ಮನೆಯ ಚಿತ್ರಕ್ಕೆ ಅಷ್ಟು ಬೆಳಕು ಬೇಕೇ ಬೇಕು. ನರಕ ಚತುರ್ದಶಿಯ ಹಿಂದಿನ ರಾತ್ರಿಯಂತೂ ಎರಡು ಗಂಟೆಗೇ ಎಲ್ಲ ಮಡಚಿಡಿ. ಇಲ್ಲವಾದರೆ ಎಣ್ಣೆಸ್ನಾನಕ್ಕೆ ಕರೆಯಲು ಬಂದವರ ಟಾರ್ಚಿನ ಬೆಳಕೇ ಕೊನೆಯ ಚಿತ್ರದಲ್ಲಿರುತ್ತದೆ.