ಚೀಲಕ್ಕೆ ಬಿದ್ದ ಹಲ್ಲುಜ್ಜುವ ಬ್ರಷ್ಷು

ಮೇಡ್ಲೇರಿಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿ ನೌಕರಿಯಲ್ಲಿದ್ದಾನೆ. ವರ್ಷಕ್ಕೆ ಎರಡು ಮೂರು ಬಾರಿ ತಪ್ಪದೆ ಫೋನು ಮಾಡುತ್ತಾನೆ. ಕಳೆದ ಸಲ ಮಾಡಿದಾಗ ಅವನ ದನಿಯಲ್ಲಿ ಸ್ವಲ್ಪ ಗೊಂದಲವಿತ್ತು. ಏಳು ವರ್ಷದ ಮಗಳು ಅಕ್ಟೋಬರ್ 31ರ ಸಂಜೆ ಬೆಕ್ಕಿನ ವೇಷ ಹಾಕಿಕೊಂಡು, ನೆರೆಹೊರೆಯ ಮಕ್ಕಳ ಜೊತೆ ಮನೆ ಮನೆ ತಿರುಗಿ ಚೀಲ ತುಂಬಿಸಿಕೊಂಡು ಬಂದಿದ್ದಳಂತೆ. ಚೀಲ ಸುರಿದು ನೋಡಿದರೆ ಚಾಕೊಲೇಟುಗಳ ನಡುವೆ ಒಂದು ಪೆನ್ಸಿಲ್, ಒಂದು ಹಲ್ಲುಜ್ಜುವ ಬ್ರಷ್ಷು ಮತ್ತು ಒಂದು ಹಸಿ ಆಲೂಗಡ್ಡೆ! ಬ್ರಷ್ಷು ಕೊಟ್ಟವರು ಹಲ್ಲಿನ ಡಾಕ್ಟರು. ಆಲೂಗಡ್ಡೆ ಯಾರದೋ ತಮಾಷೆ. ಮಗಳಿಗೆ ಎಲ್ಲ ಚಾಕೊಲೇಟಿಗಿಂತ ಆ ಆಲೂಗಡ್ಡೆಯೇ ಹೆಚ್ಚು ಹೆಮ್ಮೆಯ ವಸ್ತುವಾಗಿತ್ತು.

"ಸರ್, ಇದು ಭಿಕ್ಷೆ ಬೇಡಿದಂಗ ಆಗಲಿಲ್ಲೇನ್ರಿ? ಮತ್ತ ಯಾರ್‍ಯಾರೋ ಕೊಟ್ಟಿದ್ದನ್ನ ಕೂಸು ತಿನ್ನಬಹುದೇನ್ರಿ?" ಎಂದು ಕೇಳಿದ. ಎರಡೂ ಒಳ್ಳೆಯ ಪ್ರಶ್ನೆಗಳೇ. ಊರಲ್ಲಿರುವ ಪಾಲಕರೂ ಇವತ್ತು ಇವೇ ಎರಡು ಕಾರಣ ಹೇಳಿ ಮಕ್ಕಳನ್ನು ಹಬ್ಬದ ದಿನ ಮನೆಯೊಳಗೆ ಕೂಡಿಸುತ್ತಿರುವುದರಿಂದ, ಈ ವಾರ ಅದನ್ನೇ ಮಾತಾಡೋಣ.

ಅಮೆರಿಕದವರ ಈ ಹಬ್ಬದ ಹೆಸರು ಹ್ಯಾಲೋವೀನ್. ಕ್ರೈಸ್ತರು ನವೆಂಬರ್ 1ರಂದು ಸಕಲ ಸಂತರ ದಿನ ಆಚರಿಸುತ್ತಾರೆ. ಅದರ ಹಿಂದಿನ ರಾತ್ರಿ ಇದು. ಮಕ್ಕಳು ಭೂತ, ಮಾಟಗಾತಿ ಮುಂತಾದ ವೇಷ ತೊಟ್ಟು ಬಾಗಿಲು ಬಡಿದು "ಟ್ರಿಕ್ ಆರ್ ಟ್ರೀಟ್" ಎನ್ನುತ್ತಾರೆ. ತಿನಿಸು ಕೊಡಿ, ಇಲ್ಲವಾದರೆ ನಮ್ಮ ಕಿಡಿಗೇಡಿತನ ತಡೆದುಕೊಳ್ಳಿ ಎಂದು ಅದರ ಅರ್ಥ. ಹಿಂದೆ ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಬಡವರು ಮನೆ ಮನೆಗೆ ಹೋಗಿ, ಆ ಮನೆಯಲ್ಲಿ ತೀರಿಕೊಂಡವರ ಆತ್ಮಕ್ಕಾಗಿ ಪ್ರಾರ್ಥಿಸುವುದಾಗಿ ಹೇಳಿ, ಬದಲಿಗೆ ಸಣ್ಣ ರೊಟ್ಟಿಯಂಥ ತಿನಿಸು ಪಡೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸಕ್ಕರೆ ರೇಷನ್ನಿಗೆ ಸೇರಿತ್ತು. 1947ರಲ್ಲಿ ಆ ಕಟ್ಟು ಸಡಿಲವಾದ ಮೇಲೆ ಮಿಠಾಯಿ ಕಂಪನಿಗಳಿಗೆ ಈ ಹಬ್ಬ ಸುಗ್ಗಿಯಾಯಿತು.

ಇದನ್ನೆಲ್ಲ ಹೇಳಿ ನಾನು ಅವನಿಗೆ, "ನಿಮ್ಮ ಅವ್ವ ಗುಳ್ಳವ್ವನ ಹೊತ್ತುಕೊಂಡು ಓಣಿ ತಿರುಗಿದ್ದು ನಿನಗೆ ಹೇಳಿಲ್ಲೇನು?" ಎಂದು ಕೇಳಿದೆ. ಅವನು ನಕ್ಕ.

ನಮ್ಮ ಕಡೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿಯ ಬೀಜಗಳಿಂದ ಸಿಂಗರಿಸಿ, ಮನೆ ಮನೆಗೆ ಹಾಡುತ್ತ ಹೋಗುತ್ತಾರೆ. ಕಾಳು, ಬೆಲ್ಲ, ಚಿಲ್ಲರೆ ಕಾಸು ಕೂಡುತ್ತದೆ. ಕೊನೆಗೆ ಎಲ್ಲರೂ ಸೇರಿ ಊಟ ಮಾಡುತ್ತಾರೆ. ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೆ ಜೋಕುಮಾರಸ್ವಾಮಿ ಬರುತ್ತಾನೆ. ಅಂಬಿಗರ ಮನೆತನದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿ, ತಲೆಯ ಮೇಲೆ ಹೊತ್ತು ಊರು ತಿರುಗುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ, ಹುಣಸೆಹಣ್ಣು ತಂದು ಹಾಕಿ, ಜೋಕುಮಾರನ ಬಾಯಿಗೆ ಬೆಣ್ಣೆ ಸವರುತ್ತಾರೆ. ದೀಪಾವಳಿ ಬಂತೆಂದರೆ ಹುಡುಗರ ಸರದಿ. ಹಳ್ಳದ ದಂಡೆಯ ಹುಲ್ಲಿನಿಂದ ಹೆಣೆದ ದೀಪ ಹಿಡಿದು, ಆಣಿ ಪೀಣಿ ಹಾಡುತ್ತ, ದನಕರುಗಳಿಗೆ ಬೆಳಗಿ ಹರಸುತ್ತಾರೆ. ಈ ಹುಡುಗರಿಗೆ ಸಿಗುವ ವಸ್ತು ಬಹಳ ವಿಶೇಷವಾದದ್ದು. ಮನೆಯ ಯಜಮಾನಿ ಅವರ ದೀಪಕ್ಕೆ ಎಣ್ಣೆ ಹೊಯ್ಯುತ್ತಾಳೆ! ಚೀಲಕ್ಕಲ್ಲ, ದೀಪಕ್ಕೆ. ಒಂದು ಮನೆಯ ಎಣ್ಣೆ ಬತ್ತಿಯಲ್ಲಿ ಏರಿ ಉರಿದು ಮುಂದಿನ ಮನೆಯ ಕೊಟ್ಟಿಗೆಯನ್ನು ಬೆಳಗುತ್ತದೆ.

ಇನ್ನೂ ಒಂದು ಸಂಗತಿ ಹೇಳಿದರೆ ವಿದ್ಯಾರ್ಥಿಗಳು ನಗಬಹುದು. ಹಿಂದೆ ಕೂಲಿಮಠಗಳಿದ್ದ ಕಾಲಕ್ಕೆ ಮಹಾನವಮಿಯಲ್ಲಿ ಐಗಳು ತಮ್ಮ ಶಿಷ್ಯರಿಗೆ ಒಳ್ಳೆಯ ಬಟ್ಟೆ ತೊಡಿಸಿ, ಚೌಪದ ಹಾಡಿಸುತ್ತ ಮನೆ ಮನೆಗೆ ಕರೆದೊಯ್ಯುತ್ತಿದ್ದರು. ಕೂಡಿದ ದವಸ, ದುಡ್ಡು ಐಗಳ ವರ್ಷದ ಗಳಿಕೆಯಲ್ಲಿ ಒಂದು ಪಾಲು. ತಿಂಗಳ ಕೊನೆಗೆ ಸಂಬಳ ಎಣಿಸುವ ನನ್ನಂಥ ಮಾಸ್ತರರು ಅದನ್ನು ಭಿಕ್ಷೆ ಎನ್ನುವಂತಿಲ್ಲ.

ಹಾಗಾದರೆ ಭಿಕ್ಷೆಗೂ ಇದಕ್ಕೂ ಏನು ವ್ಯತ್ಯಾಸ? ಇಲ್ಲಿ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಬರುವುದಿಲ್ಲ. ಹಾಡು, ಹರಕೆ, ಬೆಳಕು ತಂದಿರುತ್ತಾರೆ. ಜೋಕುಮಾರನನ್ನು ಹೊತ್ತವರು ಬೇವಿನ ಎಲೆ, ಜೋಳದ ನುಚ್ಚು ಕೊಡುತ್ತಾರೆ. ರೈತ ಅದನ್ನು ಹೊಲದಲ್ಲಿ ಚರಗ ಚೆಲ್ಲುತ್ತಾನೆ. ನುಚ್ಚು ಚೆಲ್ಲಿದ್ದರಿಂದಲೇ ತೆನೆ ದಪ್ಪವಾಗುತ್ತದೆಂದು ವಿಜ್ಞಾನ ಕಲಿಸುವ ನಾನು ಹೇಳಲಾರೆ. ಆದರೆ ಆ ನೆಪದಲ್ಲಿ ಅವನು ಹೊಲದ ನಾಲ್ಕೂ ಬದು ತಿರುಗಿ ಬೆಳೆ ನೋಡಿ ಬರುತ್ತಾನೆ, ಅದು ಬೆಳೆಗೆ ಒಳ್ಳೆಯದೇ. ಅಮೆರಿಕದಲ್ಲಿಯೂ ಇಂಥದೊಂದು ಪ್ರಯತ್ನ ನಡೆದಿದೆ. ಫಿಲಡೆಲ್ಫಿಯಾದ ಆಲಿಸನ್ ದಂಪತಿ, ಮಕ್ಕಳು ಮಿಠಾಯಿಯ ಬದಲು ಯುದ್ಧದಿಂದ ನೊಂದ ಮಕ್ಕಳಿಗಾಗಿ ಕಾಸು ಕೇಳಲಿ ಎಂದು ಯೋಚಿಸಿದರು. 1950ರ ಹ್ಯಾಲೋವೀನ್ ರಾತ್ರಿ ಮಕ್ಕಳು ಹಾಲಿನ ಖಾಲಿ ಡಬ್ಬಿ ಹಿಡಿದು ಹೊರಟರು. ಮೊದಲ ಸಲ ಕೂಡಿದ್ದು 17 ಡಾಲರ್. ಅದು ಯುನಿಸೆಫ್ ಸಂಸ್ಥೆಗೆ ಸೇರಿತು. ಆ ಪದ್ಧತಿ ಮುಂದೆ ದೇಶವೆಲ್ಲ ಹಬ್ಬಿತು.

ಎರಡನೆಯ ಪ್ರಶ್ನೆ ಭಯದ್ದು. ಚಾಕೊಲೇಟಿನಲ್ಲಿ ವಿಷ, ಸೇಬಿನಲ್ಲಿ ಬ್ಲೇಡು ಎಂಬ ಸುದ್ದಿ ಅಮೆರಿಕದಲ್ಲಿ ಪ್ರತಿವರ್ಷ ಏಳುತ್ತದೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಅವರು 1958ರಿಂದೀಚಿನ ಪತ್ರಿಕಾ ವರದಿಗಳನ್ನು ಕಲೆಹಾಕಿ ಒಂದೊಂದನ್ನೇ ಪರೀಕ್ಷಿಸಿದರು. ಮನೆ ಬಾಗಿಲಿಗೆ ಬಂದ ಗುರುತಿಲ್ಲದ ಮಗುವಿಗೆ ಯಾರೋ ಅಪರಿಚಿತರು ವಿಷದ ತಿನಿಸು ಕೊಟ್ಟು ಕೊಂದ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1964ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಗೃಹಿಣಿಯೊಬ್ಬಳು, ಇಷ್ಟು ದೊಡ್ಡವರಾಗಿಯೂ ಕೇಳಲು ಬರುತ್ತಾರಲ್ಲ ಎಂಬ ಬೇಸರದಿಂದ, ಹದಿಹರೆಯದವರಿಗೆ ನಾಯಿಯ ಬಿಸ್ಕತ್ತು, ಪಾತ್ರೆ ಉಜ್ಜುವ ತಂತಿಯ ಉಂಡೆ ಮತ್ತು ಆರ್ಸೆನಿಕ್ ಇದ್ದ ಇರುವೆ ಮದ್ದಿನ ಬಿಲ್ಲೆ ಕೊಟ್ಟಳು. ತಮಾಷೆ ಎಂದಳು. ಯಾರಿಗೂ ಅಪಾಯವಾಗಲಿಲ್ಲ, ಆದರೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. 1974ರಲ್ಲಿ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತ. ಅದನ್ನು ಕೊಟ್ಟವನು ಬೀದಿಯ ಅಪರಿಚಿತನಲ್ಲ. ವಿಮೆಯ ಹಣದ ಆಸೆಗೆ ಹೆತ್ತ ತಂದೆಯೇ ಕೊಟ್ಟಿದ್ದ! 1984ರಲ್ಲಿ ಅವನಿಗೆ ಮರಣದಂಡನೆಯಾಯಿತು.

ಹಾಗೆಂದು ಕಣ್ಣು ಮುಚ್ಚಿ ತಿನ್ನಬೇಕೆಂದಲ್ಲ. ನಿಜವಾದ ಅಪಾಯ ಬೇರೆ ಕಡೆ ಇರುತ್ತದೆ. ಕೆಲವು ಮಕ್ಕಳಿಗೆ ಶೇಂಗಾ ಒಗ್ಗುವುದಿಲ್ಲ. ಒಂದು ಕಾಳು ಹೊಟ್ಟೆಗೆ ಹೋದರೂ ಉಸಿರು ಕಟ್ಟಬಹುದು. ಅಂಥ ಮಕ್ಕಳಿಗಾಗಿ 2014ರಿಂದ ಅಮೆರಿಕದಲ್ಲಿ ಅನೇಕರು ಮನೆ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡುತ್ತಿದ್ದಾರೆ. ಇಲ್ಲಿ ತಿನಿಸಿನ ಬದಲು ಆಟಿಕೆ, ಪೆನ್ಸಿಲ್ ಸಿಗುತ್ತದೆ ಎಂಬುದು ಅದರ ಸೂಚನೆ. ನನ್ನ ವಿದ್ಯಾರ್ಥಿಯ ಮಗಳ ಚೀಲಕ್ಕೆ ಬಿದ್ದ ಪೆನ್ಸಿಲ್ಲೂ ಅಂಥ ಮನೆಯದೇ ಇರಬಹುದು. ಗೊತ್ತಿರುವ ಮನೆಗಳಿಗೆ, ಗುಂಪಾಗಿ, ದೊಡ್ಡವರೊಬ್ಬರ ಜೊತೆ ಹೋಗುವುದು, ತಂದದ್ದನ್ನು ಮನೆಯಲ್ಲಿ ತೋರಿಸಿಯೇ ತಿನ್ನುವುದು, ಇಷ್ಟು ಎಚ್ಚರ ಸಾಕು.

ಆದರೆ ಅವನು ಕೇಳದೆ ಬಿಟ್ಟ ಮೂರನೆಯ ಪ್ರಶ್ನೆಯೊಂದಿದೆ. ಫೋನು ಇಟ್ಟ ಮೇಲೆ ನನಗೆ ನೆನಪಾದದ್ದು ಅದೇ.

ನಾನು ಆರನೇ ಇಯತ್ತೆಯಲ್ಲಿದ್ದೆ. ಹೋಳಿ ಹುಣ್ಣಿಮೆಗೆ ಓಣಿಯ ಹುಡುಗರು ಕಾಮಣ್ಣನಿಗಾಗಿ ಕಟ್ಟಿಗೆ, ಕುಳ್ಳು ಕೂಡಿಸುವುದು ವಾಡಿಕೆ. ಕೊಟ್ಟರೆ ಇಸಿದುಕೊಳ್ಳುವುದು, ಕೊಡದಿದ್ದರೆ ರಾತ್ರಿ ಕದಿಯುವುದು. ಆ ಕಳವಿಗೆ ಶಿಕ್ಷೆ ಇಲ್ಲ. ಆ ವರ್ಷ ನಮಗೆ ಮುರಿದ ಕುಂಟೆ, ತೊಟ್ಟಿಲಿನ ಕಾಲು, ಚಕ್ಕಡಿ ಗಾಲಿಯ ತುಂಡು, ಹರಿದ ಮೊರ ಎಲ್ಲ ಸಿಕ್ಕಿದ್ದವು. ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದ ಅಜ್ಜಿ ಮಾತ್ರ "ಇಲ್ಲಪ್ಪ" ಎಂದಳು. ರಾತ್ರಿ ಅವಳ ಹಿತ್ತಲಿಗೆ ನುಗ್ಗಿ ಒಟ್ಟಿದ್ದ ಕುಳ್ಳನ್ನೆಲ್ಲ ಹೊತ್ತು ತಂದೆವು. ನಲವತ್ತು ಇದ್ದವು. ಎಣಿಸಿದ್ದು ನಾನೇ, ಹೆಮ್ಮೆಯಿಂದ ಸಾರಿದ್ದೂ ನಾನೇ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಸುದ್ದಿ ಮುಟ್ಟಿತು. ಹೊಡೆಯಲಿಲ್ಲ. ಕೈ ಹಿಡಿದು ಸೀದಾ ಅಜ್ಜಿಯ ಮನೆಗೆ ಕರೆದೊಯ್ದ. ನಾನು ತಲೆ ತಗ್ಗಿಸಿ ನಿಂತೆ. ಅವಳು, "ಕಾಮಣ್ಣಗ ಹೋಗಿದ್ದನ್ನ ತಿರುಗಿ ಕೇಳಬಾರದಪಾ. ಹಬ್ಬದ ದಿನ ಬಾಗಿಲಿಗೆ ಬಂದೀಯಲ್ಲ, ಬರಿಗೈಲೆ ಹೋಗಬ್ಯಾಡ" ಎಂದು ನನ್ನ ಬೊಗಸೆಗೆ ಒಂದು ಹಿಡಿ ಕಡಲೆ ಹಾಕಿದಳು. ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಹುರಿದ ಕಡಲೆ, ಕುದಿಸಿದ ಕಡಲೆ. ನನ್ನ ಕೈಗೆ ಬಿದ್ದದ್ದು ತಣ್ಣಗೆ, ಒದ್ದೆಯಾಗಿತ್ತು. ಬರೀ ನೆನೆಸಿದ ಕಡಲೆ. ತಲೆ ಎತ್ತಿ ನೋಡಿದೆ. ಒಲೆಯಲ್ಲಿ ಬೂದಿ ಮಾತ್ರ ಇತ್ತು.

ಮುಂದೆ ಮಾಸ್ತರನಾಗಿ ಶಾಖದ ಪಾಠ ಮಾಡುವಾಗಲೆಲ್ಲ ನಾನು ಆ ನಲವತ್ತು ಕುಳ್ಳಿನ ಲೆಕ್ಕ ಹಾಕಿಸುತ್ತೇನೆ. ಕುಳ್ಳು ಒಂದಕ್ಕೆ ಅರ್ಧ ಕಿಲೊ ಎಂದು ಹಿಡಿಯಿರಿ, ಒಟ್ಟು 20 ಕಿಲೊ. ಒಣಗಿದ ಕುಳ್ಳು ಒಂದು ಕಿಲೊ ಉರಿದರೆ ಸುಮಾರು 3,000 ಕಿಲೊಕ್ಯಾಲೊರಿ ಶಾಖ ಬರುತ್ತದೆ. ಹಳೆಯ ಕಾಲದ ಒಲೆಯಲ್ಲಿ ಅದರ ಹತ್ತನೇ ಒಂದು ಪಾಲು, ಅಂದರೆ 300 ಕಿಲೊಕ್ಯಾಲೊರಿ, ಪಾತ್ರೆಗೆ ತಾಗಿದರೆ ಹೆಚ್ಚು. ಒಂದು ಲೀಟರ್ ನೀರು 25 ಡಿಗ್ರಿಯಿಂದ 100 ಡಿಗ್ರಿಗೆ ಏರಲು 75 ಕಿಲೊಕ್ಯಾಲೊರಿ ಬೇಕು. ಒಂದು ಕಿಲೊ ಕುಳ್ಳಿಗೆ ನಾಲ್ಕು ಲೀಟರ್ ನೀರು ಕುದಿಯಿತು. ಅಜ್ಜಿ ದಿನಕ್ಕೆ ಎರಡು ಕಿಲೊ ಉರಿಸುತ್ತಿದ್ದಳೆಂದರೂ ನಾವು ಒಂದೇ ರಾತ್ರಿ ಸುಟ್ಟದ್ದು ಅವಳ ಹತ್ತು ದಿನದ ಒಲೆ. ಅವಳು "ಇಲ್ಲಪ್ಪ" ಎಂದಾಗ ಜಿಪುಣತನ ಮಾಡಿರಲಿಲ್ಲ.

ಆ ಹತ್ತು ದಿನವೂ ಶಾಲೆಗೆ ಹೋಗುವ ಮೊದಲು ನಮ್ಮ ಹಿತ್ತಲಿನಿಂದ ನಾಲ್ಕು ನಾಲ್ಕು ಕುಳ್ಳು ಹೊತ್ತು ಅವಳ ಮನೆಗೆ ಹಾಕಿ ಬಂದೆ. ಒಮ್ಮೆಲೇ ಒಯ್ಯುತ್ತೇನೆಂದರೆ ಅಪ್ಪ ಒಪ್ಪಲಿಲ್ಲ. ದಿನಾ ಹೋಗಬೇಕು, ದಿನಾ ಮಾತಾಡಿಸಿ ಬರಬೇಕು ಎಂದ.

ಆದ್ದರಿಂದ ಪಾಲಕರೇ, ಮಕ್ಕಳನ್ನು ಗುಳ್ಳವ್ವನ ಜೊತೆಗೂ ಆಣಿ ಪೀಣಿಗೂ ಕಳಿಸಿ. ಇವತ್ತು ಮಗು ತನ್ನ ಓಣಿಯ ಎಷ್ಟು ಮನೆಗಳ ಹೊಸ್ತಿಲು ನೋಡಿದೆ, ನೀವೇ ಕೇಳಿ ನೋಡಿ. ತಿರುಗಿ ಬಂದ ಮೇಲೆ ಎಷ್ಟು ಕೂಡಿತು ಎಂದು ಕೇಳುವುದರ ಜೊತೆಗೆ, ಯಾರು ಏನು ಕೊಟ್ಟರು, ಯಾರು ಕೊಡಲಿಲ್ಲ, ಯಾಕೆ ಇರಬಹುದು ಎಂದೂ ಕೇಳಿ. ಎಣ್ಣೆ ಹೊಯ್ದವರ ಮನೆಯಲ್ಲಿ ದನ ಇದ್ದವೇ? ಒಂದೇ ಹಿಡಿ ಜೋಳ ಹಾಕಿದವರ ಹೊಲಕ್ಕೆ ಈ ವರ್ಷ ಮಳೆ ಆಗಿತ್ತೇ?

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಮನೆಯ ಅಜ್ಜಿಯನ್ನು ಕೂರಿಸಿಕೊಂಡು, ಅವಳು ಚಿಕ್ಕವಳಿದ್ದಾಗ ಗುಳ್ಳವ್ವನ ತಟ್ಟೆಗೆ ಏನೇನು ಬೀಳುತ್ತಿತ್ತು ಎಂದು ಕೇಳಿ ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಈಗ ನಿಮ್ಮ ಊರಿನ ಹೊಲದಲ್ಲಿ ಬೆಳೆಯದ ಕಾಳು ಯಾವುದಿದೆ ನೋಡಿ. ನ್ಯೂಜೆರ್ಸಿಯ ಆ ಪುಟ್ಟ ಹುಡುಗಿಗೂ ಒಂದು ಕೆಲಸ ಹೇಳಿದ್ದೇನೆ. ಆಲೂಗಡ್ಡೆಯನ್ನು ಕುಂಡದಲ್ಲಿ ನೆಡಬೇಕು, ಚಳಿ ಕಳೆದ ಮೇಲೆ. ಬಂದ ಫಸಲಿನಲ್ಲಿ ಒಂದನ್ನು ಕೊಟ್ಟ ಮನೆಯವರಿಗೆ ತಿರುಗಿ ಮುಟ್ಟಿಸಬೇಕು. ಅವಳು ಈಗ ಯಾವ ಮನೆ ಎಂದು ಹುಡುಕುತ್ತಿದ್ದಾಳಂತೆ.