ಮೀಟರಿಗೆ ಕಾಣದ ಮೂವತ್ತು ಲೀಟರ್

ಮನೆಯ ನಳ್ಳಿಗೆ ಸ್ಮಾರ್ಟ್ ಮೀಟರ್ ಹಾಕಿದರೆ ಸೋರಿಕೆ ತಾನಾಗಿ ಸಿಕ್ಕಿಬೀಳುತ್ತದೆ ಎಂಬ ಮಾತನ್ನು ನಂಬಬೇಡಿ. ದೊಡ್ಡ ಸೋರಿಕೆಗೆ ಯಂತ್ರವೇ ಬೇಡ, ರಸ್ತೆ ಬದಿಯ ಕೆಸರೇ ಹೇಳುತ್ತದೆ. ಸಣ್ಣ ಸೋರಿಕೆ ಹಿಡಿಯುತ್ತೇನೆಂದು ಬರುವ ಯಂತ್ರ ಅದನ್ನು ನಿಜಕ್ಕೂ ಹಿಡಿಯುತ್ತದೆಯೇ? ನಮ್ಮ ಪೈಪಿನಲ್ಲಿ, ನಮ್ಮ ಟ್ಯಾಂಕಿಯೊಂದಿಗೆ, ಹೊತ್ತು ನೋಡಿ ಬಿಡುವ ನಮ್ಮ ನೀರಿನಲ್ಲಿ ಇದನ್ನು ಪರೀಕ್ಷಿಸಿ ತೋರಿಸುವ ತನಕ ಸುಳ್ಯ ತಾಲ್ಲೂಕಿನ ಆಲೆಟ್ಟಿಯಂಥ ಪಂಚಾಯಿತಿ ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬಾರದು.

ಜಲಜೀವನ್ ಮಿಷನ್ ಅನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಫೆಬ್ರುವರಿಯ ಕೇಂದ್ರ ಬಜೆಟ್ ಹೇಳಿತು. ಈ ಸಲ ಒತ್ತು ಕಾಮಗಾರಿಯ ಗುಣಮಟ್ಟಕ್ಕೆ, ನಿರ್ವಹಣೆಗೆ ಎಂದೂ ಸೇರಿಸಿತು. ನಿರ್ವಹಣೆ ಎಂದ ಕೂಡಲೇ ನಮ್ಮಲ್ಲಿ ಸೆನ್ಸರ್, ಆ್ಯಪ್, ಡ್ಯಾಶ್‌ಬೋರ್ಡ್ ಎಂಬ ಮಂತ್ರ ಶುರುವಾಗುತ್ತದೆ. ಅದೇ ವರ್ಷ ವಿದ್ಯುತ್ ಸ್ಮಾರ್ಟ್ ಮೀಟರಿನ ಬಗ್ಗೆ ರಾಜ್ಯದಲ್ಲಿ ಎಷ್ಟು ಗದ್ದಲವಾಯಿತೆಂಬುದು ಎಲ್ಲರಿಗೂ ನೆನಪಿದೆ. ಅಷ್ಟೂ ಗದ್ದಲ ಮೀಟರಿನ ಬೆಲೆ ಎಷ್ಟು, ಗುತ್ತಿಗೆ ಯಾರಿಗೆ ಎಂಬುದರ ಸುತ್ತಲೇ ತಿರುಗಿತು. ನೀರಿನ ಮೀಟರಿನ ಬಗ್ಗೆಯೂ ಚರ್ಚೆ ಅದೇ ಹಳಿಯಲ್ಲಿ ಹೋಗುವ ಲಕ್ಷಣವಿದೆ. ಆ ಯಂತ್ರಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಕೇಳುವವರೇ ಇಲ್ಲ.

ಉತ್ತರ ಒಂದು ಸಂಖ್ಯೆಯಲ್ಲಿದೆ: ಗಂಟೆಗೆ 30 ಲೀಟರ್. ಮನೆ ಬಳಕೆಯ ನೀರಿನ ಮೀಟರಿಗೆ ನಮ್ಮ ಭಾರತೀಯ ಮಾನಕ ಐಎಸ್ 779. ಅದರಲ್ಲಿ ಅರ್ಧ ಇಂಚಿನ, ಬಿ ದರ್ಜೆಯ ಮೀಟರಿಗೆ ನಿಗದಿಯಾಗಿರುವ ಕನಿಷ್ಠ ಹರಿವು ಇಷ್ಟು. ಗಂಟೆಗೆ 30ರಿಂದ 120 ಲೀಟರಿನ ನಡುವೆ ಶೇ 5ರಷ್ಟು ತಪ್ಪಿಗೆ ವಿನಾಯಿತಿ, 120ರ ಮೇಲೆ ಶೇ 2ರಷ್ಟು. ಮೂವತ್ತರ ಕೆಳಗೆ? ಮೀಟರಿನ ಮೇಲೆ ಯಾವ ಹೊಣೆಯೂ ಇಲ್ಲ. ತಿರುಗಿದರೆ ತಿರುಗಿತು, ಇಲ್ಲದಿದ್ದರೆ ಇಲ್ಲ. ಹೊಸ ಮೀಟರು ಇದಕ್ಕಿಂತ ಕಡಿಮೆ ಹರಿವಿಗೂ ಅಲುಗಾಡುತ್ತದೆ, ನಿಜ. ಗಾಜಿನಡಿ ಇರುವ ಆ ಪುಟ್ಟ ನಕ್ಷತ್ರಚಕ್ರವನ್ನು ಎಲ್ಲ ನಳ್ಳಿ ಮುಚ್ಚಿ ಗಮನಿಸಿದವರಿಗೆ ಗೊತ್ತು, ಅದು ಒಮ್ಮೆ ನಡುಗಿ, ನಿಂತು, ಮತ್ತೆ ಕಾಲು ಸುತ್ತು ಹೋಗುತ್ತದೆ. ಆದರೆ ಎರಡು ಮಳೆಗಾಲದ ಕೆಂಪು ಕೆಸರು, ಪೈಪು ತುಂಡರಿಸಿದಾಗ ಒಳಗೆ ಉಳಿದ ಪಿವಿಸಿ ಹುಡಿ ಹೊಕ್ಕ ಮೇಲೆ ಆ ನಡುಕವೂ ನಿಲ್ಲುತ್ತದೆ.

ಗಂಟೆಗೆ 30 ಲೀಟರ್ ಎಂದರೆ ದಿನಕ್ಕೆ 720 ಲೀಟರ್. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ ಕೊಡುತ್ತೇನೆಂದಿರುವುದು 55 ಲೀಟರ್. ಐದು ಜನರ ಮನೆಗೆ 275. ಸರ್ಕಾರ ಒಂದು ಕುಟುಂಬಕ್ಕೆ ಮಾತು ಕೊಟ್ಟ ನೀರಿನ ಎರಡೂವರೆ ಪಟ್ಟು ಸೋರಿ ಹೋದರೂ ಮಾನಕದ ಪ್ರಕಾರ ಮೀಟರು ತಪ್ಪಿತಸ್ಥನಲ್ಲ! ಮೀಟರಿನ ತಲೆಗೆ ಸಿಮ್ ಕಾರ್ಡ್ ಸಿಕ್ಕಿಸಿ ಸ್ಮಾರ್ಟ್ ಎಂದು ಕರೆದರೆ ಈ ಲೆಕ್ಕ ಬದಲಾಗುವುದಿಲ್ಲ. ಕಾಣದ್ದು ಕಾಣದೆಯೇ ಉಳಿಯುತ್ತದೆ, ಆ ಕಾಣದಿರುವಿಕೆ ಮೊಬೈಲಿಗೆ ಬರುತ್ತದೆ, ಅಷ್ಟೆ.

ಇಷ್ಟು ಸೋರಲು ಎಷ್ಟು ದೊಡ್ಡ ತೂತು ಬೇಕು? ಗುಡ್ಡದ ಮೇಲಿನ ಟ್ಯಾಂಕಿಯಿಂದ ಹತ್ತು ಮೀಟರ್ ತಗ್ಗಿನಲ್ಲಿರುವ ಮನೆಯ ಪೈಪಿನಲ್ಲಿ ಒಂದು ಮಿಲಿಮೀಟರಿನ ತೂತಿದ್ದರೆ ಗಂಟೆಗೆ ಸುಮಾರು 24 ಲೀಟರ್ ಹೋಗುತ್ತದೆ. ಮೂವತ್ತರ ಒಳಗೇ. ಮನೆ ಮೂವತ್ತು ಮೀಟರ್ ತಗ್ಗಿನಲ್ಲಿದ್ದರೆ ಅದೇ ತೂತಿನಿಂದ 40 ಲೀಟರ್ ದಾಟುತ್ತದೆ. ಆಲೆಟ್ಟಿಯ ನೆಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಲ್ಚಾರಿನ ಕಡೆಯಾಗಲಿ, ಬಡ್ಡಡ್ಕದ ಕಡೆಯಾಗಲಿ, ಒಂದು ಮನೆ ಗುಡ್ಡದ ನೆತ್ತಿಯಲ್ಲಿದ್ದರೆ ಇನ್ನೊಂದು ಅಡಿಕೆ ತೋಟದ ತಳದಲ್ಲಿರುತ್ತದೆ. ಒಂದೇ ಲೈನಿನ ಎರಡು ಮನೆಗಳಲ್ಲಿ ಒಂದೇ ತೂತು ಎರಡು ಬಗೆಯಾಗಿ ಸೋರುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಒಂದು ಲೆಕ್ಕವನ್ನು ಈ ಯಂತ್ರಗಳ ಮಾರಾಟಗಾರರು ಎಲ್ಲ ಕಡೆ ಉದ್ಧರಿಸುತ್ತಾರೆ. ಅಲ್ಲಿನ ಶೇ 10ರಷ್ಟು ಮನೆಗಳಲ್ಲಿ ದಿನಕ್ಕೆ 90 ಗ್ಯಾಲನ್ ಅಥವಾ ಅದಕ್ಕಿಂತ ಹೆಚ್ಚು ಸೋರುತ್ತದಂತೆ. ನಮ್ಮ ಅಳತೆಯಲ್ಲಿ 340 ಲೀಟರ್. ಗಂಟೆಗೆ ಹಂಚಿ ನೋಡಿ, 14 ಲೀಟರ್ ಚಿಲ್ಲರೆ. ಅಂದರೆ ಅಲ್ಲಿ ಎಚ್ಚರಿಕೆಯ ಗಂಟೆ ಬಾರಿಸುವ ಸೋರಿಕೆ, ನಮ್ಮ ಬಿ ದರ್ಜೆ ಮೀಟರು ಅಳೆಯಲೇಬೇಕಾದ ಕನಿಷ್ಠ ಹರಿವಿನ ಅರ್ಧಕ್ಕೂ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವೇ. ಈಗಿನ ಅಲ್ಟ್ರಾಸಾನಿಕ್ ಮೀಟರುಗಳಲ್ಲಿ ತಿರುಗುವ ಚಕ್ರವೇ ಇಲ್ಲ, ಅವು ಗಂಟೆಗೆ ಕೆಲವೇ ಲೀಟರಿನ ಹರಿವನ್ನೂ ಗುರುತಿಸುತ್ತವೆ. ಒಪ್ಪೋಣ. ಹಾಗಾದರೆ ಯಂತ್ರದ ಕಣ್ಣನ್ನು ಬಿಟ್ಟು ಅದರ ತಲೆಯನ್ನು ನೋಡಬೇಕು. ಬಹುಪಾಲು ಸ್ಮಾರ್ಟ್ ಮೀಟರುಗಳು ಸೋರಿಕೆಯನ್ನು ಊಹಿಸುವ ಉಪಾಯ ಬಹಳ ಸರಳ. ಇಪ್ಪತ್ತನಾಲ್ಕು ಗಂಟೆಯಲ್ಲಿ ಒಮ್ಮೆಯೂ ಹರಿವು ಸೊನ್ನೆಗೆ ಇಳಿಯದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮನೆಯವರೆಲ್ಲ ಮಲಗಿದ ನಡುರಾತ್ರಿಯಲ್ಲೂ ನೀರು ಓಡುತ್ತಿದ್ದರೆ ಅನುಮಾನ ಪಡು. ಯಾವಾಗಲೂ ಪೈಪಿನಲ್ಲಿ ನೀರಿರುವ ಊರಿಗೆ ಇದು ಒಳ್ಳೆಯ ಉಪಾಯ. ಪಂಪು ಚಾಲಕರು ಬೆಳಿಗ್ಗೆ ಒಂದೆರಡು ಗಂಟೆ ವಾಲ್ವ್ ತಿರುಗಿಸಿ ನೀರು ಬಿಟ್ಟು, ಮತ್ತೆ ಮುಚ್ಚಿ, ಇನ್ನೊಂದು ಲೈನಿಗೆ ಹೋಗುವ ಊರಿಗೆ? ಅಲ್ಲಿ ದಿನದ ಇಪ್ಪತ್ತೆರಡು ಗಂಟೆ ಹರಿವು ಸೊನ್ನೆಯೇ. ಪೈಪು ಜರಡಿಯಾಗಿದ್ದರೂ ಆ ಯಂತ್ರ ಎಲ್ಲ ಸರಿ ಇದೆ ಎನ್ನುತ್ತದೆ. ಸುಳ್ಳು ಹೇಳುವುದಿಲ್ಲ, ಪಾಪ. ಅದಕ್ಕೆ ಕಲಿಸಿದ ಪಾಠವೇ ಬೇರೆ ಊರಿನದು. ಮೇಲಾಗಿ ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ಪೈಪಿನಿಂದ ಹೊರಡುವುದು ಗಾಳಿ. ಚಕ್ರದ ಮೀಟರು ಅದಕ್ಕೂ ತಿರುಗುತ್ತದೆ, ಅಲ್ಟ್ರಾಸಾನಿಕ್ ಮೀಟರು ಗುಳ್ಳೆಗಳ ನಡುವೆ ದಿಕ್ಕು ತಪ್ಪುತ್ತದೆ.

ಹಿಡಿಯಷ್ಟು ಸೋರಿಕೆಯನ್ನೂ ಬಿಡೆವು ಎನ್ನುವ ವಿದೇಶಿ ಯಂತ್ರಗಳಿವೆ. ಮೋಯೆನ್ ಕಂಪನಿಯ ಫ್ಲೋ ರಾತ್ರಿ ಹೊತ್ತು ವಾಲ್ವನ್ನು ತಾನೇ ಮುಚ್ಚಿ ಒಳಗಿನ ಒತ್ತಡ ಇಳಿಯುತ್ತದೆಯೇ ಎಂದು ನೋಡುತ್ತದೆ. ಜಾಣ ಪರೀಕ್ಷೆ. ಅದಕ್ಕೆ ಬೀದಿಯಿಂದ ಬಚ್ಚಲ ನಳ್ಳಿಯವರೆಗೂ ಒಂದೇ ಒತ್ತಡದ ಮುಚ್ಚಿದ ಪೈಪಿರಬೇಕು. ನಮ್ಮ ಮನೆಗಳಲ್ಲಿ ನಡುವೆ ತಾರಸಿಯ ಟ್ಯಾಂಕಿ ಕೂತಿದೆ, ಬಾಯಿ ಆಕಾಶಕ್ಕೆ. ಗೇಟಿನ ಬಳಿಯ ಮೀಟರಿಗೆ ಟ್ಯಾಂಕಿಯ ಆಚೆಗಿನ ಪ್ರಪಂಚ ಗೊತ್ತೇ ಇಲ್ಲ. ಫ್ಲಶ್ ಟ್ಯಾಂಕಿನ ರಬ್ಬರು ಸವೆದು ಕಮೋಡಿಗೆ ಸದ್ದಿಲ್ಲದೆ ಜಾರುವ ನೀರು, ಅಡುಗೆಮನೆ ಸಿಂಕಿನಡಿಯ ತೊಟ್ಟು, ಗೋಡೆಯೊಳಗಿನ ಬಿಸಿನೀರಿನ ಪೈಪು, ಎಲ್ಲವೂ ಸೋರುವುದು ಟ್ಯಾಂಕಿಯಿಂದ. ಮಾರನೆಯ ದಿನ ನೀರು ಬಂದಾಗ ಟ್ಯಾಂಕಿ ಒಂದೇ ರಭಸದಲ್ಲಿ ತುಂಬುತ್ತದೆ. ಮೀಟರು ಆ ನೀರನ್ನು ಎಣಿಸುತ್ತದೆ, ಬಿಲ್ಲೂ ಬರುತ್ತದೆ, ಆದರೆ ಅದು ಸೋರಿಕೆಯೋ ನೆಂಟರು ಬಂದಿದ್ದರೋ ಎಂದು ಹೇಳಲಾರದು. ಇಪ್ಪತ್ತನಾಲ್ಕು ಗಂಟೆ ನೀರು ಬರುವ ಊರಲ್ಲಿ ಇದು ಇನ್ನೂ ವಿಚಿತ್ರ. ಟ್ಯಾಂಕಿಯ ತೇಲುಗುಂಡು ಸೋರಿದಷ್ಟೇ ನೀರನ್ನು ತೊಟ್ಟು ತೊಟ್ಟಾಗಿ ಒಳಗೆ ಬಿಡುತ್ತದೆ, ಹರಿವು ಮೂವತ್ತರ ಕೆಳಗೇ ಉಳಿಯುತ್ತದೆ, ಬಿಲ್ಲೂ ತಪ್ಪುತ್ತದೆ.

ಹಾಗಾದರೆ ಸೋರಿಕೆ ಕಾಣುವ ಜಾಗ ಯಾವುದು? ಟ್ಯಾಂಕಿಯೇ. ಸಾವಿರ ಲೀಟರಿನ ಕಪ್ಪು ಟ್ಯಾಂಕಿಯಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚುಕಡಿಮೆ ಹತ್ತು ಲೀಟರ್ ಹೋಗಿದೆ. ರಾತ್ರಿ ಹತ್ತಕ್ಕೆ ಒಂದು ಕೋಲು ಇಳಿಸಿ ಗುರುತು ಹಾಕಿ, ಬೆಳಗಿನ ಜಾವ ಐದಕ್ಕೆ ಮತ್ತೆ ಇಳಿಸಿ. ಗಂಟೆಗೆ ಮೂರು ಲೀಟರಿನ ಸೋರಿಕೆ, ಅಂದರೆ ಮೀಟರಿನ ಮಿತಿಯ ಹತ್ತನೇ ಒಂದು ಪಾಲು, ಎರಡು ಸೆಂಟಿಮೀಟರಾಗಿ ಕೋಲಿನ ಮೇಲೆ ಕಾಣುತ್ತದೆ. ಕೋಲಿನ ಜಾಗದಲ್ಲಿ ಮಟ್ಟ ಅಳೆಯುವ ಅಗ್ಗದ ಸೆನ್ಸರ್ ಹಾಕುವುದಾದರೆ ನನ್ನ ತಕರಾರಿಲ್ಲ. ತಕರಾರು ಯಂತ್ರದ ಬಗ್ಗೆ ಅಲ್ಲ, ಅದನ್ನು ಕೂರಿಸುವ ಜಾಗದ ಬಗ್ಗೆ. ಗೇಟಿನಲ್ಲಿ ಕೂತರೆ ಬಿಲ್ ಹಾಕುವವರಿಗೆ ಅನುಕೂಲ, ಟ್ಯಾಂಕಿಯಲ್ಲಿ ಕೂತರೆ ಮನೆಯವರಿಗೆ.

ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಹನಿ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ಏಪ್ರಿಲ್‌ನಲ್ಲಿ ಪಯಸ್ವಿನಿ ಹೊಳೆಯನ್ನು ನೋಡಿ ಬನ್ನಿ. ಸುಳ್ಯ ಪೇಟೆಗೆ ನೀರೆತ್ತಲು ವರ್ಷವೂ ಹೊಳೆಗೆ ಮರಳಿನ ಚೀಲದ ಕಟ್ಟ ಹಾಕುತ್ತಿದ್ದ ಕಾಲ ಹೆಚ್ಚು ಹಿಂದಿನದಲ್ಲ. ಆಲೆಟ್ಟಿಯ ನಾಗಪಟ್ಟಣದಲ್ಲಿ ಕಿಂಡಿ ಅಣೆಕಟ್ಟು ಎದ್ದದ್ದೇ ಆ ಕಷ್ಟಕ್ಕೆ. ಆದರೆ ಲೀಟರಿನ ನಷ್ಟಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನೀರು ನಿಂತಾಗ ಪೈಪು ಖಾಲಿಯಾಗುತ್ತದೆ. ನೀರು ಹೊರಗೆ ಬಿಟ್ಟ ಅದೇ ತೂತು ಆಗ ಹೊರಗಿನ ಕೊಳೆಯನ್ನು ಒಳಗೆ ಎಳೆಯುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಿರಂತರ ನೀರು ಬರುವ ವಾರ್ಡುಗಳನ್ನೂ ಬಿಟ್ಟು ಬಿಟ್ಟು ಬರುವ ವಾರ್ಡುಗಳನ್ನೂ ಹೋಲಿಸಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಸಂಶೋಧಕರು, ಎರಡನೆಯ ಬಗೆಯ ನಳ್ಳಿಗಳಲ್ಲಿ ಕೊಳಚೆ ಸೂಚಕ ಬ್ಯಾಕ್ಟೀರಿಯಾ ಹೆಚ್ಚು ಸಲ, ಹೆಚ್ಚು ಪ್ರಮಾಣದಲ್ಲಿ ಸಿಕ್ಕಿದ್ದನ್ನು ದಾಖಲಿಸಿದ್ದಾರೆ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆ ನಿರಂತರ ನೀರಿನ ಪ್ರಯೋಗವನ್ನು ಈಗ ಖಾಸಗೀಕರಣದ ಜಗಳಕ್ಕಷ್ಟೇ ನೆನೆಯುತ್ತಾರೆ. ಆ ಜಗಳ ಇರಲಿ. 2008ರ ಹೊತ್ತಿಗೆ ಅಲ್ಲಿನ ಆಯ್ದ ವಲಯಗಳಲ್ಲಿ ಮೊದಲು ಮಾಡಿದ್ದು ಹಳೆಯ ಪೈಪುಗಳನ್ನೂ ಮನೆ ಸಂಪರ್ಕಗಳನ್ನೂ ಕಿತ್ತು ಹೊಸದು ಹಾಕಿದ್ದು, ವಲಯವನ್ನು ಬೇರ್ಪಡಿಸಿ ಒಳಹರಿವನ್ನು ಅಳೆದದ್ದು, ಒತ್ತಡ ಸದಾ ಇರುವಂತೆ ನೋಡಿಕೊಂಡದ್ದು. ಅಂಥ ಜಾಲದಲ್ಲಿ ಮನೆ ಮೀಟರಿನ ಓದಿಗೆ ಅರ್ಥವಿದೆ. ನಾವು ಆ ಕ್ರಮವನ್ನೇ ತಲೆಕೆಳಗು ಮಾಡಿ, ಮೀಟರನ್ನು ಮೊದಲು ಹಾಕಿ ಒತ್ತಡವನ್ನು ದೇವರಿಗೆ ಬಿಡುವ ಯೋಚನೆಯಲ್ಲಿದ್ದೇವೆ.

ಕೇಂದ್ರಕ್ಕೂ ಇದು ಹೊಸ ವಿಷಯವಲ್ಲ. ಹಳ್ಳಿಗಳ ನೀರು ಪೂರೈಕೆ ಅಳೆಯುವ ಸ್ಮಾರ್ಟ್ ವ್ಯವಸ್ಥೆಗಾಗಿ 2020ರ ಸೆಪ್ಟೆಂಬರಿನಲ್ಲಿ ಒಂದು ರಾಷ್ಟ್ರೀಯ ಸ್ಪರ್ಧೆಯನ್ನೇ ಕರೆದಿದ್ದರು, ನಡೆಸಿಕೊಟ್ಟದ್ದು ಬೆಂಗಳೂರಿನ ಸಿ-ಡ್ಯಾಕ್. ಅದರ ಪ್ರಶ್ನೆ ಊರಿಗೆ ಎಷ್ಟು ನೀರು ಬಂತು, ಯಾವ ಗುಣಮಟ್ಟದ್ದು, ನಿಯಮಿತವಾಗಿ ಬಂತೇ ಎಂಬುದಾಗಿತ್ತು. ಒಳ್ಳೆಯ ಪ್ರಶ್ನೆಗಳೇ. ಮನೆಯೊಳಗಿನ ಹನಿ ಅದರ ವಿಷಯವಲ್ಲ. ಆ ಅನುಭವವನ್ನು ಮುಂದಿಟ್ಟುಕೊಂಡು ಸೋರಿಕೆ ಹಿಡಿಯುವ ಭರವಸೆ ಮಾರುವುದು ಸರಿಯಲ್ಲ.

ಪರೀಕ್ಷೆಗೆ ಕೋಟಿ ಬೇಕಿಲ್ಲ. ಎತ್ತರದಲ್ಲಿ ಒಂದು ಟ್ಯಾಂಕಿ, ಅರ್ಧ ಇಂಚಿನ ಪೈಪು, ಹರಿವನ್ನು ನಾಜೂಕಾಗಿ ಹೊಂದಿಸಬಹುದಾದ ಒಂದು ಸೂಜಿ ವಾಲ್ವ್, ಅಳತೆ ಜಾಡಿ, ಗಡಿಯಾರ. ಗಂಟೆಗೆ ಒಂದು, ಐದು, ಹದಿನೈದು, ಮೂವತ್ತು ಲೀಟರಿನ ಸೋರಿಕೆಯನ್ನು ಬೇಕೆಂದೇ ಮಾಡಿ. ಒಮ್ಮೆ ಸದಾ ಒತ್ತಡವಿಟ್ಟು, ಒಮ್ಮೆ ದಿನಕ್ಕೆ ಎರಡೇ ಗಂಟೆ ನೀರು ಬಿಟ್ಟು. ಒಮ್ಮೆ ಟ್ಯಾಂಕಿಯ ಈಚೆ, ಒಮ್ಮೆ ಆಚೆ. ಒಮ್ಮೆ ತಿಳಿನೀರು, ಒಮ್ಮೆ ಜುಲೈ ತಿಂಗಳ ಕೆಂಪು ನೀರು. ಸೋರಿಕೆ ಇದ್ದಾಗ ಎಷ್ಟು ಸಲ ಹೇಳಿತು ಎಂಬುದರ ಜೊತೆಗೆ ಸೋರಿಕೆ ಇಲ್ಲದಾಗ ಎಷ್ಟು ಸಲ ಬೊಬ್ಬೆ ಹಾಕಿತು ಎಂಬುದನ್ನೂ ಬರೆದಿಡಿ. ಮೂರು ಸಲ ಸುಳ್ಳು ಎಚ್ಚರಿಕೆ ಬಂದ ಮೇಲೆ ಯಾವ ಮನೆಯವರೂ ಆ ಆ್ಯಪ್ ತೆರೆಯುವುದಿಲ್ಲ. ಗುಡ್ಡದ ಮರೆಯಲ್ಲಿ ಮೊಬೈಲ್ ರೇಂಜ್ ಇಲ್ಲದ ಮನೆಯ ಸಂದೇಶ ಎಷ್ಟು ದಿನಕ್ಕೆ ತಲುಪಿತು ಎಂಬುದೂ ಆ ಪುಸ್ತಕದಲ್ಲಿರಲಿ.

ಇದನ್ನು ಮಾಡಲು ದಿಲ್ಲಿಗೆ ಹೋಗಬೇಕಿಲ್ಲ. ಮೀಟರು ಪರೀಕ್ಷಿಸುವ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಗಡಿಯಾಚೆ ಪಾಲಕ್ಕಾಡಿನಲ್ಲಿದೆ. ಅಷ್ಟು ದೂರ ಬೇಡವೆಂದರೆ ಆಲೆಟ್ಟಿಗೆ ತಾಗಿಕೊಂಡಂತೆ ಸುಳ್ಯದಲ್ಲೇ ಕೆವಿಜಿ ಎಂಜಿನಿಯರಿಂಗ್ ಕಾಲೇಜಿದೆ, ಒಂದು ಬ್ಯಾಚಿನ ವಿದ್ಯಾರ್ಥಿಗಳಿಗೆ ಇದು ಹದವಾದ ಪ್ರಾಜೆಕ್ಟ್. ಟೆಂಡರಿನಲ್ಲಿ ಒಂದು ಸಾಲು ಸೇರಿಸಿ: ದಿನಕ್ಕೆ ಎರಡು ಗಂಟೆ ಮಾತ್ರ ನೀರು ಬರುವ ಮನೆಯಲ್ಲಿ ಗಂಟೆಗೆ 15 ಲೀಟರಿನ ಸೋರಿಕೆಯನ್ನು ವಾರದೊಳಗೆ ಹಿಡಿಯದ ಯಂತ್ರಕ್ಕೆ ಹಣವಿಲ್ಲ. ಆ ಸಾಲು ಓದಿದ ಮೇಲೂ ಎಷ್ಟು ಕಂಪನಿಗಳು ಬಿಡ್ ಹಾಕುತ್ತವೆ ಎಂದು ಎಣಿಸಿ, ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಮುಂದೆ ಬಿಲ್ ಕಟ್ಟಬೇಕಾದವರು ಅಲ್ಲೇ ಕೂತಿರುತ್ತಾರೆ.