ತುಂಗೆಯ ದಡಕ್ಕೆ ಬೇಕಾದ ವ್ಯವಸ್ಥೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ, ಶಿವಮೊಗ್ಗ.

ಇವರಿಂದ,
ಹೊಳೆದಂಡೆಯ ನಿವಾಸಿಗಳು, ತೀರ್ಥಹಳ್ಳಿ.

ವಿಷಯ: ತೀರ್ಥಹಳ್ಳಿಯ ತುಂಗಾ ದಡದಲ್ಲಿ ಊರವರ ಹಾಗೂ ಪ್ರವಾಸಿಗರ ಸುರಕ್ಷತೆ, ಸ್ವಚ್ಛತೆ ಕುರಿತು.

ಮಾನ್ಯರೇ,

ಮಳೆಗಾಲದಲ್ಲಿ ನಮ್ಮೂರಿನವರು ಬೆಳಿಗ್ಗೆ ಎದ್ದು ಕೇಳುವುದು ಒಂದೇ ಮಾತು: ರಾಮಮಂಟಪ ಮುಳುಗಿತಾ? ಹೊಳೆಯಲ್ಲಿರುವ ಆ ಕಲ್ಲುಮಂಟಪವೇ ನಮ್ಮ ಅಳತೆಗೋಲು. ಅದನ್ನು ನೋಡಿ ದಡದವರು ಸಾಮಾನು ಅಟ್ಟಕ್ಕೇರಿಸುತ್ತಾರೆ. ಇಲ್ಲಿ ಬಿಸಿಲಿದ್ದರೂ ಮೇಲೆ ಶೃಂಗೇರಿ ಕಡೆ ಮಳೆ ಹಿಡಿದರೆ ಹೊಳೆ ಏರುತ್ತದೆಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬಂದಿಳಿದವರಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿರಬೇಕೆಂದು ನಾವು ಹಟ ಹಿಡಿಯುವುದೂ ನ್ಯಾಯವಲ್ಲ.

ಬೇಸಿಗೆಯ ಹೊಳೆ ಇನ್ನೂ ಮೋಸದ್ದು. ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೇ ಮಡು. ಕಳೆದ ಬೇಸಿಗೆಯಲ್ಲಿ ಫೋಟೊಗಾಗಿ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ ಹುಡುಗನೊಬ್ಬ ಪಾಚಿಗೆ ಜಾರಿ ಕುತ್ತಿಗೆಮಟ್ಟ ಇಳಿದುಬಿಟ್ಟ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒದ್ದೆ ಸೀರೆ ಎಸೆದು ಎಳೆದುಕೊಂಡರು. ದಡಕ್ಕೆ ಬಂದವನು ಮೊದಲು ಹುಡುಕಿದ್ದು ಮೊಬೈಲನ್ನು! ಎಲ್ಲ ಸಲವೂ ದಡದಲ್ಲಿ ಸೀರೆ ಇರುವುದಿಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ನೀರಿಗಿಳಿಯುವ ಪ್ರತಿ ಜಾಗದಲ್ಲೂ ಮಡುಗಳ ಗುರುತಿರುವ ಫಲಕ ಹಾಕಿಸಬೇಕು. ಕಲ್ಲಿನ ಮೇಲೆ ಕೆಂಪು ಗೆರೆ ಎಳೆಸಿ, ನೀರು ಅದನ್ನು ಮುಟ್ಟಿದ ದಿನ ಯಾರನ್ನೂ ಇಳಿಯಲು ಬಿಡಬಾರದು. ಗೆರೆ ಎಲ್ಲಿರಬೇಕೆಂದು ಕಚೇರಿಯ ನಕ್ಷೆ ನೋಡಿ ತೀರ್ಮಾನಿಸದೆ, ಹೊಳೆಯನ್ನು ದಿನವೂ ನೋಡುವವರನ್ನು ಕೇಳಬೇಕು. ರಜಾದಿನಗಳಲ್ಲಿ ಊರಿನ ಈಜು ಬಲ್ಲ ಯುವಕರನ್ನು ಸಂಬಳ ಕೊಟ್ಟು ನೇಮಿಸಿ, ಅವರ ಕೈಗೆ ಹಗ್ಗ, ಟ್ಯೂಬು ಕೊಡಬೇಕು.

ಎರಡನೆಯದು ಬಾಟಲಿ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತೀರ್ಥಸ್ನಾನಕ್ಕೆಂದು ಬರಿಗಾಲಲ್ಲಿ ಹೊಳೆಯ ರಾಮಕುಂಡಕ್ಕೆ ಹೋಗುವವರು ಮುಳ್ಳಿಗಿಂತ ಹೆಚ್ಚಾಗಿ ಗಾಜಿಗೆ ಹೆದರುವಂತಾಗಬಾರದು. ದಡದಲ್ಲಿ ಮದ್ಯಪಾನ, ಗಾಜಿನ ಬಾಟಲಿ ನಿಷೇಧಿಸಿ, ದಂಡ ಹಾಕುವ ಸಿಬ್ಬಂದಿಯನ್ನು ಸಂಜೆಯ ಹೊತ್ತೂ ಇರಿಸಬೇಕು. ಇದೇ ತುಂಗೆಯ ದಡದ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನೆಂದು ಭಾವಿಸಿ ಯಾರೂ ಗಾಳ ಹಾಕುವುದಿಲ್ಲ. ಅದೇ ಹೊಳೆಯ ಈ ದಡಕ್ಕೆ ಮಾತ್ರ ಕಾವಲುಗಾರ ಬೇಕಾಗಿದೆ.

ಮೂರನೆಯದಾಗಿ, ಲಾಡ್ಜಿರಲಿ, ಹೋಂಸ್ಟೇ ಇರಲಿ, ನಮ್ಮದೇ ಮನೆಗಳಿರಲಿ, ಬಚ್ಚಲ ನೀರು ಶುದ್ಧವಾಗದೆ ಹೊಳೆಗಿಳಿಯದಂತೆ ಒಳಚರಂಡಿ ವ್ಯವಸ್ಥೆ ಆಗಬೇಕು. ಈ ವಿಚಾರದಲ್ಲಿ ತಪ್ಪು ನಮ್ಮದೂ ಇದೆಯೆಂದು ಒಪ್ಪಿಯೇ ಬರೆಯುತ್ತಿದ್ದೇವೆ. ಕೆಳಗೆ ಶಿವಮೊಗ್ಗ ನಗರ ಕುಡಿಯುವುದೂ ಇದೇ ತುಂಗೆಯ ನೀರು. ಶೌಚಾಲಯ ಮತ್ತು ಹೆಂಗಸರು ಬಟ್ಟೆ ಬದಲಿಸುವ ಕೋಣೆ ಜಾತ್ರೆಗೆ ಮಾತ್ರವಲ್ಲ, ವರ್ಷವಿಡೀ ಬೇಕು. ಕುರುವಳ್ಳಿ ಕಡೆಯ ಕಮಾನು ಸೇತುವೆಯ ಮೇಲೆ ಸೆಲ್ಫಿಗಾಗಿ ವಾಹನ ನಿಲ್ಲಿಸುವುದನ್ನೂ ತಡೆಯಬೇಕು.

ಬರುವವರು ಬರಲಿ. ಕುಪ್ಪಳಿಯ ಕವಿಮನೆ, ಕವಲೇದುರ್ಗ, ಆಗುಂಬೆ ನೋಡಲು ಹೊರಟವರು ಇಲ್ಲಿ ಒಂದು ರಾತ್ರಿ ಉಳಿದರೆ ಅಂಗಡಿ, ಹೋಟೆಲು, ಆಟೊದವರ ಹೊಟ್ಟೆ ತುಂಬುತ್ತದೆ. ಆದರೆ ಅಭಿವೃದ್ಧಿಯ ಹೆಸರಿನಲ್ಲಿ ಗಾಜಿನ ಸೇತುವೆ, ಬಣ್ಣದ ದೀಪ, ದಡಕ್ಕೆ ಕಾಂಕ್ರೀಟು ದಯವಿಟ್ಟು ಬೇಡ.

ಮಳೆಗಾಲ ಹಿಡಿಯುವ ಮುನ್ನ ತಾವು ಒಮ್ಮೆ ಸ್ಥಳಪರಿಶೀಲನೆಗೆ ಬರಬೇಕೆಂದು ಕೋರುತ್ತೇವೆ. ಬೆಳಿಗ್ಗೆ ಏಳರ ಹೊತ್ತಿಗೆ ಬಂದರೆ ನೀರು ತಿಳಿಯಾಗಿರುತ್ತದೆ. ಮಡು ಎಲ್ಲೆಲ್ಲಿದೆ ಎಂದು ದಡದಿಂದಲೇ ತೋರಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಹೊಳೆದಂಡೆಯ ನಿವಾಸಿಗಳು
ಸ್ಥಳ: ತೀರ್ಥಹಳ್ಳಿ